ಏರುತಗ್ಗಾದ ಹಳೆಯ ಕಾವಿ ನೆಲದ ಮೇಲೆ ಟೈಲ್ಸ್ ಹಾಸುವ ಕ್ರಮ

ವಿರಾಜಪೇಟೆ ಕಡೆಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಮಕ್ಕಳು ಎಲ್ಲಿಂದ ಗೋಲಿ ಉರುಳಿಸಿದರೂ ಅದು ಕೊನೆಗೆ ಹೋಗಿ ಸೇರುತ್ತಿದ್ದುದು ಈಶಾನ್ಯ ಮೂಲೆಯ ಕಪಾಟಿನ ಅಡಿಗೆ. ಒಂದು ಕಾಲಕ್ಕೆ ಮುಖ ಕಾಣುವಷ್ಟು ಹೊಳೆಯುತ್ತಿದ್ದ ಕಾವಿ (ರೆಡ್ ಆಕ್ಸೈಡ್) ನೆಲದ ಕೆಳಗೆ ತುಂಬಿದ್ದ ಮಣ್ಣು ವರ್ಷಗಳಲ್ಲಿ ಕುಳಿತು, ಬಾಗಿಲಿನಿಂದ ಆ ಮೂಲೆಗೆ 28 ಮಿಲಿಮೀಟರಿನಷ್ಟು ತಗ್ಗು ಬಿದ್ದಿತ್ತು. ಇದಕ್ಕೂ ಮೊದಲು ಇದೇ ಮನೆಯ ಜಗಲಿಗೆ ಅವಸರದಲ್ಲಿ ಟೈಲ್ಸ್ ಹಾಸಿಸಿ, ಎರಡನೆಯ ಬೇಸಿಗೆಯಲ್ಲಿ ಅವು ಕರಿದ ಹಪ್ಪಳದಂತೆ ಎದ್ದು ನಿಂತದ್ದನ್ನು ನೋಡಿದ್ದರಿಂದ, ಪಡಸಾಲೆಯ ಕೆಲಸವನ್ನು ಒಂದು ಮಳೆಗಾಲ ಕಾದು, ನೆಲವನ್ನು ಚೆನ್ನಾಗಿ ಪರೀಕ್ಷಿಸಿಯೇ ಕೈಗೆತ್ತಿಕೊಂಡೆವು. ಕೊಡಗಿನಲ್ಲಿ ಈ ಕೆಲಸ ಮಾಡುವವರು ನೆಲದ ದೋಷವನ್ನು ಮಳೆಗಾಲದಲ್ಲಿ ಪತ್ತೆ ಮಾಡಬೇಕು, ಹಾಸುವ ಕೆಲಸವನ್ನು ಬಿಸಿಲುಗಾಲಕ್ಕೆ ಇಟ್ಟುಕೊಳ್ಳಬೇಕು ಎಂಬುದು ಆ ಅನುಭವದಿಂದ ನಾನು ಕಂಡುಕೊಂಡದ್ದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಇಲ್ಲಿ ಹಾಕಿದ ಗಾರೆ ಒಣಗುವುದಿಲ್ಲ, ಗ್ರೈಂಡರ್ ಓಡಿಸಲು ಕರೆಂಟ್ ಇರುತ್ತದೆಂಬ ಭರವಸೆಯಿಲ್ಲ, ಕೆಲಸ ಮುಗಿಯುವವರೆಗೆ ಸಾಮಾನುಗಳನ್ನು ಅಂಗಳದಲ್ಲಿ ಇಡುವಂತೆಯೂ ಇಲ್ಲ. ತುಲಾ ಸಂಕ್ರಮಣ ಕಳೆದು ಹಿಂಗಾರಿನ ಮಳೆಯೂ ಅಡಗಿ, ಕೊಡಗಿನ ಸುಗ್ಗಿಹಬ್ಬ ಪುತ್ತರಿ ಮುಗಿದ ಮೇಲೆ ಹವೆ ಅನುಕೂಲವಾಗುತ್ತದೆ. ಆದರೆ ಅದೇ ಹೊತ್ತಿಗೆ ಕಾಫಿ ಕೊಯ್ಲು ಆರಂಭವಾಗಿ ಕೈಯಾಳು ಸಿಗುವುದು ಕಷ್ಟವಾಗುತ್ತದೆ. ಹಾಗಾಗಿ ಕೊಯ್ಲಿನ ಭರಾಟೆ ಇಳಿದ ಮೇಲೆ ಮೇ ಕೊನೆಯೊಳಗೆ ಮುಗಿಯುವಂತೆ ಮೇಸ್ತ್ರಿಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ನಡುವೆ ಬೀಳುವ, ಕಾಫಿ ಹೂವನ್ನು ಅರಳಿಸುವ ಹೂಮಳೆಯಿಂದ ಮನೆಯೊಳಗಿನ ಕೆಲಸಕ್ಕೆ ಅಷ್ಟೇನೂ ತೊಂದರೆಯಿಲ್ಲ.

ನೆಲ ಸರಿಯಾಗಿಯೇ ಇದ್ದು, ಬಣ್ಣ ಮಾಸಿದೆ ಅಥವಾ ಅಲ್ಲಲ್ಲಿ ಕೂದಲೆಳೆಯ ಬಿರುಕು ಬಿಟ್ಟಿದೆ ಎಂಬ ಕಾರಣಕ್ಕಷ್ಟೇ ಟೈಲ್ಸ್ ಯೋಚಿಸುತ್ತಿರುವವರಿಗೆ ನನ್ನ ಸಲಹೆ, ದಯವಿಟ್ಟು ಅದನ್ನು ಮುಚ್ಚಬೇಡಿ. ಹಳೆಯ ಕಾವಿ ನೆಲವನ್ನು ಉಜ್ಜಿ ಮೇಣ ಹಚ್ಚಿದರೆ ಮತ್ತೆ ಜೀವ ಬರುತ್ತದೆ, ಮತ್ತು ಅಂಥ ನೆಲವನ್ನು ಹೊಸದಾಗಿ ಹಾಕಬಲ್ಲ ಕೈಗಳು ಈಗ ಕಡಿಮೆಯಾಗಿವೆ. ಮುಂದಿನ ಮಾತೆಲ್ಲ ಉಜ್ಜಿ ಸರಿಪಡಿಸಲಾಗದಷ್ಟು ಕುಳಿತ, ಗುಳಿಬಿದ್ದ ನೆಲದ ಕುರಿತಾದದ್ದು.

ಮಳೆಗಾಲದಲ್ಲಿ ನೋಡಬೇಕಾದದ್ದು

ಮೊದಲ ಪರೀಕ್ಷೆ ತೇವದ್ದು. ಜುಲೈಯಲ್ಲಿ ಮಳೆ ಹಿಡಿದು ಸುರಿಯುತ್ತಿರುವಾಗ, ನೆಲವನ್ನು ಒರೆಸಿ ಒಣಗಿಸಿ, ಒಂದೂವರೆ ಅಡಿ ಚೌಕದ ದಪ್ಪನೆಯ ಪ್ಲಾಸ್ಟಿಕ್ ಹಾಳೆಯೊಂದನ್ನು ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಅಗಲವಾದ ಟೇಪ್ ಅಂಟಿಸಬೇಕು. ಒಂದು ದಿನ ಬಿಟ್ಟು ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿಗಟ್ಟಿದ್ದರೆ ಅಥವಾ ಅದರ ಕೆಳಗಿನ ನೆಲ ಸುತ್ತಲಿನದಕ್ಕಿಂತ ಕಪ್ಪಾಗಿದ್ದರೆ ತೇವ ಕೆಳಗಿನಿಂದ ಏರುತ್ತಿದೆಯೆಂದು ತಿಳಿಯಬೇಕು. ಒಂದೇ ಕಡೆ ನೋಡಿ ತೀರ್ಮಾನಿಸದೆ, ಕೋಣೆಯ ನಡುವೆ ಒಂದು, ಹಿಂಗೋಡೆಯ ಬುಡದಲ್ಲಿ ಒಂದು, ತಗ್ಗಿದ ಮೂಲೆಯಲ್ಲಿ ಒಂದು ಹೀಗೆ ಮೂರು ಕಡೆಯಾದರೂ ಹಾಕಬೇಕು. ನಮ್ಮಲ್ಲಿ ನಡುವಿನ ಹಾಳೆ ಒಣಗಿಯೇ ಇತ್ತು. ಹಿಂಗೋಡೆಯ ಬುಡದ್ದನ್ನು ಎತ್ತಿದಾಗ ನೀರು ಹನಿಹನಿಯಾಗಿ ಜಾರಿ ಅಂಗೈ ಒದ್ದೆಯಾಯಿತು.

ಇಳಿಜಾರನ್ನು ಕಡಿದು ಸಮ ಮಾಡಿ ಕಟ್ಟಿದ ಕೊಡಗಿನ ಮನೆಗಳಲ್ಲಿ ಇದು ಅಪರೂಪವಲ್ಲ. ಮನೆಯ ಹಿಂದಿನ ಬರೆ (ಕಡಿದ ಗುಡ್ಡದ ಮಗ್ಗುಲು) ಕುಡಿದ ನೀರು ತಳಪಾಯದ ಕಡೆಗೇ ಬರುತ್ತದೆ. ಟೈಲ್ಸ್ ಹಾಸಿದರೆ ತೇವ ನಿಲ್ಲುತ್ತದೆಂಬುದು ತಪ್ಪು ಕಲ್ಪನೆ. ಕಾವಿ ನೆಲದ ಮೇಲ್ಮೈಯಿಂದ ಅಷ್ಟಿಷ್ಟು ಆರಿಹೋಗುತ್ತಿದ್ದ ತೇವ ಟೈಲಿನ ಅಡಿಯಲ್ಲಿ ಸಿಕ್ಕಿಕೊಂಡು ಸಂದುಗಳಲ್ಲಿ ಬಿಳಿಯ ಉಪ್ಪಾಗಿ ಹೊಮ್ಮುತ್ತದೆ, ಇಲ್ಲವೇ ಗೋಡೆಗೆ ಏರಿ ಬೂಷ್ಟು ಹಿಡಿಸುತ್ತದೆ. ಆದ್ದರಿಂದ ಹಣವನ್ನು ಮೊದಲು ಹಿಂಬದಿಯ ಚರಂಡಿಗೆ ಹಾಕಬೇಕು. ಚರಂಡಿಯ ತಳ ಮನೆಯ ನೆಲಕ್ಕಿಂತ ಒಂದೂವರೆ ಅಡಿಯಾದರೂ ಕೆಳಗಿರಬೇಕು, ನೀರು ನಿಲ್ಲದೆ ಓಡುವಷ್ಟು ಇಳಿಜಾರಿರಬೇಕು, ಮತ್ತು ತಳಪಾಯದ ಮಣ್ಣನ್ನು ಸಡಿಲಿಸದಂತೆ ಗೋಡೆಯಿಂದ ಎರಡು ಮೂರು ಅಡಿ ದೂರದಲ್ಲಿರಬೇಕು. ಮಾಡಿನ ನೀರು ನೇರವಾಗಿ ಗೋಡೆಯ ಬುಡಕ್ಕೆ ಬೀಳುತ್ತಿದ್ದರೆ ಅದಕ್ಕೂ ದೋಣಿ ಕಟ್ಟಿಸಬೇಕು. ಇಷ್ಟಾದ ಮೇಲೂ ಉಳಿಯುವ ಸಣ್ಣ ತೇವಕ್ಕೆ, ಪುಡಿ ಮತ್ತು ದ್ರಾವಣವನ್ನು ಬೆರೆಸಿ ಬಳಿಯುವ ಸಿಮೆಂಟ್-ಪಾಲಿಮರ್ ಲೇಪವನ್ನು ಮಟ್ಟಮಾಡಿದ ನೆಲದ ಮೇಲೆ ಎರಡು ಪದರ ಕೊಟ್ಟರೆ ಸಾಕಾಗುತ್ತದೆ. ನೆಲದಡಿಯಿಂದ ಒರತೆಯೇ ಏಳುವ ಮನೆಯಲ್ಲಿ ಯಾವ ಲೇಪವೂ ನಿಲ್ಲುವುದಿಲ್ಲ. ಅಲ್ಲಿ ನೀರಿಗೆ ಹೊರಗೆ ಹೋಗುವ ದಾರಿ ಮಾಡಿಕೊಡದೆ ಬೇರೆ ಉಪಾಯವಿಲ್ಲ.

ಎರಡನೆಯದು ಚಲನೆಯ ಪರೀಕ್ಷೆ. ಹಿಂದೆಂದೋ ಕುಳಿತು ಈಗ ನಿಂತಿರುವ ನೆಲ ಬೇರೆ, ಇನ್ನೂ ಕುಳಿತುಕೊಳ್ಳುತ್ತಿರುವ ನೆಲ ಬೇರೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದಿಟ್ಟು, ಅಗಲವನ್ನು ಅಳೆದು, ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆಯಬೇಕು. ಬಿರುಕು ಉದ್ದವಾಗಿದ್ದರೆ, ಅಗಲವಾಗಿದ್ದರೆ ಅಥವಾ ನೆಲದಿಂದ ಗೋಡೆಗೆ ಹತ್ತಿದ್ದರೆ ಟೈಲ್ಸಿನ ಯೋಚನೆಯನ್ನು ಬದಿಗಿಟ್ಟು ಎಂಜಿನಿಯರ್ ಒಬ್ಬರನ್ನು ಕರೆಸಬೇಕು. 2018ರ ಆಗಸ್ಟ್‌ನ ಭೂಕುಸಿತವನ್ನು ಕಂಡ ಜಿಲ್ಲೆಯಲ್ಲಿ, ಬರೆಯ ಅಂಚಿನ ಮನೆಯ ನೆಲದ ಬಿರುಕನ್ನು ಅಂದದ ಪ್ರಶ್ನೆಯೆಂದು ನೋಡುವುದು ಸರಿಯಲ್ಲ. ಹೆಗ್ಗಣದ ಬಿಲ ಮತ್ತು ಗೆದ್ದಲು ಹಿಡಿದ ಜಾಗಗಳನ್ನೂ ಇದೇ ಹೊತ್ತಿನಲ್ಲಿ ಗುರುತು ಹಾಕಿಕೊಳ್ಳಬೇಕು.

ಮಳೆ ನಿಂತ ಮೇಲೆ ನೆಲದ ಸದ್ದು ಕೇಳಬೇಕು. ಹಳೆಯ ಐದು ರೂಪಾಯಿಯ ದಪ್ಪ ನಾಣ್ಯವನ್ನೋ ಸುತ್ತಿಗೆಯ ಮರದ ಹಿಡಿಯನ್ನೋ ಹಿಡಿದು, ಅಡಿಗೊಂದು ಸಲ ಕುಟ್ಟುತ್ತ ಇಡೀ ಕೋಣೆಯನ್ನು ಸುತ್ತಿದರೆ ಗಟ್ಟಿ ಇರುವಲ್ಲಿ ಟಣ್ ಎಂದೂ, ಕಾವಿಯ ಪದರ ಕೆಳಗಿನ ಗಾರೆಯನ್ನು ಬಿಟ್ಟಿರುವಲ್ಲಿ ಬೊದ್ದೆಂದೂ ಕೇಳುತ್ತದೆ. ಬೊದ್ದೆನ್ನುವ ಕಡೆಗೆಲ್ಲ ಸೀಮೆಸುಣ್ಣದಿಂದ ಸುತ್ತುಹಾಕುತ್ತ ಹೋಗಿ, ಕೊನೆಗೆ ನಿಂತು ನೋಡಿದಾಗ ಕೋಣೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹೀಗೆ ಸುತ್ತುಬಿದ್ದಿದ್ದರೆ ಮೇಲೆ ಹಾಸುವ ಯೋಚನೆ ಬಿಟ್ಟು, ಒಡೆದು ಮೊದಲಿನಿಂದ ಹಾಕಿಸುವುದೇ ಮೇಲು. ಅದಕ್ಕಿಂತ ಕಡಿಮೆಯಿದ್ದರೆ ಆ ತುಂಡುಗಳನ್ನಷ್ಟೇ ಕಿತ್ತು ತುಂಬಬಹುದು.

ಮಟ್ಟ ಬೇರೆ, ಸಪಾಟು ಬೇರೆ

ಅಳತೆಗೆ ನೀರು ತುಂಬಿದ ಪಾರದರ್ಶಕ ಟ್ಯೂಬ್ ಸಾಕು. ಲೇಸರ್ ಇದ್ದರೆ ಕೆಲಸ ಬೇಗ ಆಗುತ್ತದೆ. ಟ್ಯೂಬಿನಲ್ಲಿ ಗಾಳಿಯ ಗುಳ್ಳೆ ಉಳಿದರೆ ಮಟ್ಟ ತಪ್ಪುವುದರಿಂದ ಒಂದು ತುದಿಯಿಂದ ನಿಧಾನವಾಗಿ ನೀರು ತುಂಬಬೇಕು. ಬಾಗಿಲ ಬಳಿಯ ನೆಲದಿಂದ 1 ಮೀಟರ್ ಎತ್ತರಕ್ಕೆ ಗೋಡೆಯ ಮೇಲೆ ಒಂದು ಗುರುತು ಮಾಡಿ, ಅದೇ ಮಟ್ಟವನ್ನು ನಾಲ್ಕೂ ಗೋಡೆಗಳಿಗೆ ಒಯ್ದು, ಎದುರುಬದುರಾಗಿ ದಾರ ಬಿಗಿದು, ದಾರದಿಂದ ನೆಲಕ್ಕೆ ಎರಡೆರಡು ಅಡಿಗೊಂದು ಅಳತೆ ತೆಗೆದು ಆಯಾ ಜಾಗದಲ್ಲೇ ಸೀಮೆಸುಣ್ಣದಿಂದ ಬರೆಯಬೇಕು. ನಮ್ಮ 12 ಅಡಿ ಅಗಲ, 16 ಅಡಿ ಉದ್ದದ ಪಡಸಾಲೆಯಲ್ಲಿ ಬಾಗಿಲಲ್ಲಿ 1000 ಇದ್ದ ಅಂಕಿ ನಡುವೆ 1009 ಆಗಿ, ಮೂಲೆಯಲ್ಲಿ 1028ಕ್ಕೆ ಮುಟ್ಟಿತು. ಹಿಂಗೋಡೆಯ ಹತ್ತಿರ ಒಂದು ಕಡೆ 994 ಬಂದು, ಅಲ್ಲೊಂದು ಉಬ್ಬಿದೆಯೆಂಬುದು ಬೆಳಕಿಗೆ ಬಂತು.

ಈ ಅಂಕಿಗಳನ್ನು ಓದುವಾಗ ಹೆಚ್ಚಿನವರು ಎಡವುವುದು ಮಟ್ಟ ಮತ್ತು ಸಪಾಟು ಎಂಬೆರಡನ್ನು ಒಂದೇ ಎಂದು ತಿಳಿಯುವುದರಲ್ಲಿ. ಟೈಲಿಗೆ ಬೇಕಾದದ್ದು ಸಪಾಟಾದ ನೆಲ. ಪೂರ್ತಿ ಮಟ್ಟವಾಗಿರಲೇಬೇಕೆಂಬ ನಿಯಮವೇನೂ ಇಲ್ಲ. ಹದಿನಾರು ಅಡಿಗೆ 10 ಮಿಲಿಮೀಟರ್ ಒಂದೇ ಸಮನೆ ಇಳಿದ ನೆಲದ ಮೇಲೆ ಟೈಲ್ಸ್ ಚೆನ್ನಾಗಿಯೇ ಕೂರುತ್ತವೆ, ಕಣ್ಣಿಗೂ ತಿಳಿಯುವುದಿಲ್ಲ. ಆದರೆ ಎರಡು ಅಡಿಯೊಳಗೆ 5 ಮಿಲಿಮೀಟರ್ ಉಬ್ಬಿ ತಗ್ಗಿದ್ದರೆ ಟೈಲಿನ ಅಂಚುಗಳು ಒಂದಕ್ಕೊಂದು ಹೊಂದದೆ ಕಾಲಿನ ಹೆಬ್ಬೆರಳಿಗೆ ತಾಗುತ್ತವೆ. ಕಾಫಿ ಕಣ ಹಾಕಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಕಣಕ್ಕೆ ಇಳಿಜಾರು ಇದ್ದೇ ಇರುತ್ತದೆ, ಇರಬಾರದ್ದು ನೀರು ನಿಲ್ಲುವ ಗುಂಡಿ. ಸಪಾಟನ್ನು ನೋಡಲು ಎರಡು ಅಥವಾ ಮೂರು ಮೀಟರ್ ಉದ್ದದ ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲೆ ಎಲ್ಲ ದಿಕ್ಕಿಗೂ ಇಟ್ಟು, ಅಡಿಯಲ್ಲಿ ಬೆಳಕು ಎಷ್ಟು ತೂರುತ್ತದೆಂದು ಗಮನಿಸಬೇಕು. ಒಂದಡಿಯ ಟೈಲಿಗೆ ಮೂರು ಮೀಟರಿನಲ್ಲಿ 6 ಮಿಲಿಮೀಟರ್ ಸಂದು ನಡೆಯುತ್ತದೆ, ಎರಡಡಿಯ ಟೈಲಿಗೆ 3 ಮಿಲಿಮೀಟರಿಗಿಂತ ಹೆಚ್ಚು ಇರಬಾರದು. ಹಳೆಯ ನೆಲ ತೀರ ಏರುತಗ್ಗಾಗಿದ್ದರೆ ಸಣ್ಣ ಟೈಲನ್ನು ಆರಿಸಿಕೊಂಡವರಿಗೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ.

ಇದನ್ನೆಲ್ಲ ಲೆಕ್ಕ ಹಾಕಿದ ನಾವು 28 ಮಿಲಿಮೀಟರನ್ನೂ ತುಂಬದೆ, ಮೂಲೆಯ ಕಡೆಗೆ 10 ಮಿಲಿಮೀಟರ್ ಇಳಿಜಾರನ್ನು ಹಾಗೆಯೇ ಉಳಿಸಿ, ತುಂಬುವ ಗರಿಷ್ಠ ದಪ್ಪವನ್ನು 18ಕ್ಕೆ ಇಳಿಸಿಕೊಂಡೆವು. ಉಬ್ಬಿದ್ದ ಜಾಗವನ್ನು ಉಳಿಯಿಂದ ಕಡಿದೆವು. ಉಬ್ಬನ್ನು ಕಡಿಯದೆ ಅದರ ಎತ್ತರಕ್ಕೆ ಇಡೀ ಕೋಣೆಯನ್ನು ಏರಿಸಲು ಹೊರಡುವ ಮೇಸ್ತ್ರಿಗಳೂ ಇದ್ದಾರೆ. ಆ ಮಾತಿಗೆ ಒಪ್ಪಬೇಡಿ, ಸಿಮೆಂಟಿನ ಖರ್ಚು ನಿಮ್ಮದು.

ಎತ್ತರ ಏರುವುದರಿಂದ ಆಗುವ ಪರಿಣಾಮಗಳನ್ನೂ ಈಗಲೇ ನೋಡಬೇಕು. 10 ಮಿಲಿಮೀಟರಿನ ಟೈಲು, 5 ಮಿಲಿಮೀಟರಿನ ಅಂಟುಗಾರೆ (ಟೈಲ್ ಅಡ್ಹೆಸಿವ್) ಸೇರಿ ಏನೂ ತುಂಬದ ಕಡೆಯೂ ನೆಲ 15 ಮಿಲಿಮೀಟರ್ ಮೇಲೆ ಬರುತ್ತದೆ. ಹಳೆಯ ಮನೆಗಳ ಹೊಸಿಲು ಎತ್ತರವಾಗಿರುವುದರಿಂದ ಅಲ್ಲಿ ಸಮಸ್ಯೆಯಿಲ್ಲ. ಹೊಸಿಲಿಲ್ಲದ ಒಳಬಾಗಿಲುಗಳನ್ನು ಕಳಚಿ ಬುಡವನ್ನು ಕೊಯ್ಯಿಸಬೇಕು, ಮತ್ತು ಮಳೆಗಾಲದಲ್ಲಿ ಮರ ಉಬ್ಬುವುದನ್ನು ಲೆಕ್ಕಕ್ಕೆ ಹಿಡಿದು 8ರಿಂದ 10 ಮಿಲಿಮೀಟರ್ ಸಂದು ಬಿಡಿಸಬೇಕು. ಅಟ್ಟಕ್ಕೆ ಹೋಗುವ ಏಣಿಮೆಟ್ಟಿಲಿನ ಮೊದಲ ಮೆಟ್ಟಿಲು ಅಷ್ಟೇ ಗಿಡ್ಡವಾಗುತ್ತದೆ. ಹಳೆಯ ಎತ್ತರಕ್ಕೆ ಕಾಲು ಒಗ್ಗಿದ ಹಿರಿಯರು ಕೆಲವು ವಾರ ಅಲ್ಲಿ ತಡವರಿಸುತ್ತಾರೆ. ಬಚ್ಚಲಿನ ನೆಲ ಯಾವಾಗಲೂ ಕೋಣೆಗಿಂತ ಕೆಳಗಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಳೆಯ ಮೈಯನ್ನು ಕೆಣಕುವುದು

ಕಾವಿ ನೆಲಕ್ಕೆ ವರ್ಷಗಟ್ಟಲೆ ಮೇಣ ಅಥವಾ ತೆಂಗಿನೆಣ್ಣೆ ಹಚ್ಚಿ ಉಜ್ಜಿರುತ್ತಾರೆ. ಒಂದು ಚಮಚ ನೀರು ಚೆಲ್ಲಿ ನೋಡಿ: ಅದು ಕೆಸುವಿನ ಎಲೆಯ ಮೇಲಿನಂತೆ ಮುತ್ತುಗಟ್ಟಿ ನಿಂತರೆ ಯಾವ ಸಿಮೆಂಟೂ, ಎಷ್ಟು ದುಬಾರಿಯ ಅಂಟುಗಾರೆಯೂ ಅಲ್ಲಿ ಹಿಡಿಯುವುದಿಲ್ಲ. ನಮ್ಮ ಜಗಲಿಯ ಟೈಲ್ಸ್ ಎದ್ದಾಗ ಕೆಳಗಿನ ಕಾವಿ ಮೊದಲಿನಷ್ಟೇ ನುಣುಪಾಗಿ, ಹೊಳೆಯುತ್ತ ಇತ್ತು. ಗಾರೆ ಅದಕ್ಕೆ ಅಂಟಿಯೇ ಇರಲಿಲ್ಲ. ಆದ್ದರಿಂದ ಸೋಪಿನ ಪುಡಿ ಹಾಕಿ ಬಿಸಿನೀರಿನಲ್ಲಿ ತಿಕ್ಕಿ ತೊಳೆದ ಮೇಲೆ, ಗ್ರೈಂಡರಿನಿಂದ ಹೊಳಪಿನ ಪದರವನ್ನು ಕೆರೆದು ತೆಗೆಯಬೇಕು, ಇಲ್ಲವಾದರೆ ಉಳಿ ಸುತ್ತಿಗೆಯಿಂದ ಒಂದೊಂದು ಅಂಗುಲಕ್ಕೆ 3 ಮಿಲಿಮೀಟರ್ ಆಳದ ಕಚ್ಚು ಹೊಡೆಯಬೇಕು. ಕೋಣೆಗೆ ನಾಲ್ಕಾರು ಕಚ್ಚು ಹೊಡೆದು ಆಯಿತು ಎನ್ನುವುದು ವಾಡಿಕೆ, ಅದು ಸಾಲದು. ಗ್ರೈಂಡರಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದಾದ್ದರಿಂದ ಒಳ್ಳೆಯ ಮುಖವಾಡ ಬೇಕು, ಬಟ್ಟೆ ಕಟ್ಟಿಕೊಂಡರೆ ಪ್ರಯೋಜನವಿಲ್ಲ. ಕೊನೆಗೆ ಧೂಳನ್ನೆಲ್ಲ ಗುಡಿಸಿ, ತೊಳೆದು, ಮತ್ತೆ ನೀರು ಚೆಲ್ಲಿ ನೋಡಿದಾಗ ನೆಲ ಅದನ್ನು ಹೀರಿಕೊಳ್ಳಬೇಕು.

ತುಂಬುವುದು

ತಗ್ಗು ತುಂಬಲು ಯಾವ ವಸ್ತು ಎಂಬುದನ್ನು ದಪ್ಪ ನಿರ್ಧರಿಸುತ್ತದೆ. ತಾನಾಗಿಯೇ ಹರಿದು ಮಟ್ಟವಾಗುವ ಸೆಲ್ಫ್ ಲೆವೆಲಿಂಗ್ ಕಾಂಪೌಂಡ್ 3ರಿಂದ 10 ಮಿಲಿಮೀಟರಿಗೆ ಅತ್ಯುತ್ತಮ. ಆದರೆ ನಮ್ಮಷ್ಟು ದೊಡ್ಡ ಕೋಣೆಗೆಲ್ಲ ಸರಾಸರಿ 14 ಮಿಲಿಮೀಟರ್ ತುಂಬುವುದಾಗಿದ್ದರೆ ಕಾಲು ಘನ ಮೀಟರ್ ಬೇಕಾಗಿ, 25 ಕಿಲೋದ ಹದಿನೇಳು ಚೀಲ ಸುರಿಯಬೇಕಾಗುತ್ತದೆ. ಅಷ್ಟೇ ಜಾಗವನ್ನು ಒಂದಕ್ಕೆ ನಾಲ್ಕರ ಸಿಮೆಂಟ್ ಗಾರೆಯಲ್ಲಿ ತುಂಬಲು ಎರಡು ಚೀಲ ಸಿಮೆಂಟ್, ಸುಮಾರು 9 ಘನ ಅಡಿ ಮರಳು ಸಾಕು. ಗಾರೆಯ ದೌರ್ಬಲ್ಯ ಇರುವುದು ತೆಳ್ಳಗಿನ ಅಂಚಿನಲ್ಲಿ. ಮೂಲೆಯಲ್ಲಿ 18 ಮಿಲಿಮೀಟರ್ ಇದ್ದದ್ದನ್ನು ಎಳೆಯುತ್ತ ಬಂದು ಶೂನ್ಯಕ್ಕೆ ತಂದರೆ, ಕೊನೆಯ ಎರಡು ಅಡಿ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಅದಕ್ಕೆ ಪರಿಹಾರವೆಂದರೆ, ದಪ್ಪ 12 ಮಿಲಿಮೀಟರಿಗಿಂತ ಕಡಿಮೆಯಾಗುವ ಗೆರೆಯಲ್ಲಿ ಗ್ರೈಂಡರಿನಿಂದ ಹಳೆಯ ನೆಲಕ್ಕೆ ನೇರವಾದ ಗೀರು ಹಾಕಿ, ಗಾರೆ ಅಲ್ಲಿಗೆ ಚೌಕವಾಗಿ ನಿಲ್ಲುವಂತೆ ಮಾಡುವುದು. ಅಲ್ಲಿಂದ ಮುಂದಿನ ತೆಳು ಭಾಗವನ್ನು ಪಾಲಿಮರ್ ಬೆರೆತ ರಿಪೇರಿ ಗಾರೆಯಿಂದಲೋ ಸೆಲ್ಫ್ ಲೆವೆಲಿಂಗ್ ಕಾಂಪೌಂಡಿನಿಂದಲೋ ಮುಗಿಸುವುದು.

ಗಾರೆ ಹಾಕುವ ಹಿಂದಿನ ದಿನ ನೆಲಕ್ಕೆ ನೀರುಣಿಸಿ, ಹಾಕುವ ಹೊತ್ತಿಗೆ ನಿಂತ ನೀರನ್ನು ಒರೆಸಿ ತೆಗೆಯಬೇಕು. ಸಿಮೆಂಟಿಗೆ ಲೇಟೆಕ್ಸ್ ದ್ರಾವಣ ಬೆರೆಸಿ ಮಜ್ಜಿಗೆಯ ಹದಕ್ಕೆ ಕಲಸಿದ ಹಾಲನ್ನು ಕುಂಚದಿಂದ ತಿಕ್ಕಿ ಬಳಿದು, ಅದು ಒಣಗುವ ಮೊದಲೇ ಗಾರೆ ಬೀಳಬೇಕು. ಒಣಗಿದ ಹಾಲು ಹಿಡಿಯುವ ಬದಲು ಬಿಡಿಸುತ್ತದೆ. ಹೀಗಾಗಿ ಇಡೀ ಕೋಣೆಗೆ ಒಮ್ಮೆಲೇ ಬಳಿಯದೆ ನಾಲ್ಕೈದು ಚದರ ಅಡಿಯಷ್ಟೇ ಬಳಿಯುತ್ತ ಸಾಗಬೇಕು. ಮೊದಲೇ ದಾರದ ಲೆಕ್ಕದಲ್ಲಿ ಕಟ್ಟಿಟ್ಟ ಸಣ್ಣ ಗಾರೆದಿಬ್ಬಗಳ ಮೇಲೆ ಅಲ್ಯೂಮಿನಿಯಂ ಪಟ್ಟಿಯನ್ನು ಎಳೆದು ಮೈ ಸಪಾಟು ಮಾಡಿ, ಕರಣೆಯಿಂದ ಉಜ್ಜದೆ ಒರಟಾಗಿಯೇ ಬಿಡಬೇಕು. ಏಳು ದಿನ ಒದ್ದೆ ಗೋಣಿತಾಟು ಹೊದಿಸಿ ನೀರುಣಿಸಿ, ಆಮೇಲೆ ಕಿಟಕಿ ತೆರೆದು ಒಣಗಲು ಬಿಡಬೇಕು. ತೇವಕ್ಕೆ ಲೇಪ ಬೇಕಾದಲ್ಲಿ ಬಳಿಯುವುದು ಇದಾದ ನಂತರ.

ಹಾಸುವುದು

ಟೈಲ್ಸನ್ನು ಎಲ್ಲಿಂದ ತಂದರೂ ಪ್ರತಿ ಪೆಟ್ಟಿಗೆಯ ಮೇಲಿನ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇದೆಯೇ ಎಂದು ಲಾರಿಯಿಂದ ಇಳಿಸುವಾಗಲೇ ನೋಡಬೇಕು. ಎರಡಡಿ ಚೌಕದ ನಾಲ್ಕು ಟೈಲುಗಳ ಪೆಟ್ಟಿಗೆ ಸುಮಾರು 15.5 ಚದರ ಅಡಿಗೆ ಬರುತ್ತದೆ. 192 ಚದರ ಅಡಿಗೆ ಹದಿಮೂರು ಪೆಟ್ಟಿಗೆ, ಒಡೆಯುವುದಕ್ಕೂ ಕೊಯ್ಯುವುದಕ್ಕೂ ಇನ್ನೊಂದು. ಮಳೆಗಾಲದಲ್ಲಿ ಒದ್ದೆ ಕಾಲಿನಲ್ಲಿ ಓಡಾಡುವ ಜಗಲಿಗೆ ಹೊಳಪಿಲ್ಲದ ಒರಟು ಮೈಯ ಟೈಲೇ ಬೇಕು, ಜೊತೆಗೆ ಹೊರಕ್ಕೆ ಮೀಟರಿಗೆ 10 ಮಿಲಿಮೀಟರ್ ಇಳಿಜಾರು.

ಮೊದಲು ಅಂಟು ಹಾಕದೆ, ಕೋಣೆಯ ನಡುಗೆರೆಯಿಂದ ಎರಡು ಸಾಲು ಜೋಡಿಸಿ ನೋಡಿ, ಬಾಗಿಲ ಎದುರಿಗೆ ಸಣ್ಣ ಚೂರು ಬಾರದಂತೆ ಸಾಲನ್ನು ಸರಿಸಿಕೊಳ್ಳಬೇಕು. ಅಂಟುಗಾರೆಯ ಚೀಲದ ಮೇಲೆ ಐಎಸ್ 15477 ಎಂಬ ಭಾರತೀಯ ಮಾನಕದ ಗುರುತನ್ನೂ, ಅದು ವಿಟ್ರಿಫೈಡ್ ಟೈಲಿಗೆ ಹಾಗೂ ನಿಮ್ಮಲ್ಲಿರುವಂಥ ನೆಲಕ್ಕೆ ಹೊಂದುತ್ತದೆಂಬ ಸೂಚನೆಯನ್ನೂ ನೋಡಿ ಕೊಳ್ಳಬೇಕು. ವಿಟ್ರಿಫೈಡ್ ಟೈಲು ನೀರನ್ನು ಅರ್ಧ ಶೇಕಡಾದಷ್ಟೂ ಹೀರುವುದಿಲ್ಲವಾದ್ದರಿಂದ ಬರಿಯ ಸಿಮೆಂಟ್ ಅದರ ಬೆನ್ನಿಗೆ ಹಿಡಿಯುವುದು ಕಷ್ಟ, ಹಾಗೆಯೇ ಅದನ್ನು ನೀರಿನಲ್ಲಿ ನೆನೆಸುವುದರಿಂದ ಏನೂ ಲಾಭವಿಲ್ಲ. 3 ಮಿಲಿಮೀಟರ್ ದಪ್ಪದಲ್ಲಿ 20 ಕಿಲೋದ ಚೀಲ 45ರಿಂದ 50 ಚದರ ಅಡಿಗೆ ಬರುತ್ತದೆ. ದಪ್ಪ ಎರಡರಷ್ಟಾದರೆ ಅರ್ಧ ಜಾಗಕ್ಕೆ ಮುಗಿಯುತ್ತದೆ. ನೆಲವನ್ನು ಮೊದಲೇ ಸಪಾಟು ಮಾಡದೆ ಅಂಟಿನಲ್ಲೇ ಸರಿದೂಗಿಸುತ್ತೇನೆ ಎನ್ನುವವರಿಗೆ ಇದು ತುಸು ದುಬಾರಿಯ ಪಾಠ.

ಹಲ್ಲಿನ ಕರಣೆಯಿಂದ ಅಂಟನ್ನು ಒಂದೇ ದಿಕ್ಕಿಗೆ ಬಾಚಿ, ಟೈಲಿನ ಬೆನ್ನಿಗೂ ತೆಳ್ಳಗೆ ಸವರಿ, ಇಟ್ಟ ಮೇಲೆ ಗೆರೆಗಳಿಗೆ ಅಡ್ಡಲಾಗಿ ಸ್ವಲ್ಪ ಹಿಂದೆ ಮುಂದೆ ಜರುಗಿಸಿ ಒತ್ತಬೇಕು. ಆಗ ಗೆರೆಗಳ ನಡುವಿನ ಗಾಳಿ ಹೊರಬಿದ್ದು ಅಂಟು ಹರಡಿಕೊಳ್ಳುತ್ತದೆ. ನಾಲ್ಕು ಮೂಲೆಗೊಂದು, ನಡುವೆ ಒಂದು ಉಂಡೆ ಗಾರೆ ಇಟ್ಟು ರಬ್ಬರ್ ಸುತ್ತಿಗೆಯಿಂದ ಕುಟ್ಟಿ ಕೂರಿಸುವ ಪದ್ಧತಿಯೇ ನಮ್ಮ ಜಗಲಿಯನ್ನು ಕೆಡಿಸಿದ ಎರಡನೆಯ ಕಾರಣ. ಉಂಡೆಗಳ ನಡುವೆ ಟೈಲಿನ ಕೆಳಗೆಲ್ಲ ಟೊಳ್ಳು ಉಳಿದು, ಅದರಲ್ಲಿ ಇರುವೆಗಳು ಗೂಡು ಕಟ್ಟಿದ್ದವು. ಹತ್ತು ಟೈಲಿಗೊಮ್ಮೆ ಆಗಷ್ಟೇ ಇಟ್ಟ ಒಂದನ್ನು ಎತ್ತಿ ಬೆನ್ನನ್ನು ನೋಡಬೇಕು. ಒಳಕೋಣೆಯಲ್ಲಿ ಶೇಕಡಾ 80ಕ್ಕಿಂತ ಕಡಿಮೆ, ನೀರು ಬೀಳುವ ಜಾಗದಲ್ಲಿ 95ಕ್ಕಿಂತ ಕಡಿಮೆ ಅಂಟು ಹಿಡಿದಿದ್ದರೆ ಹೆಚ್ಚು ಆಳದ ಹಲ್ಲಿನ ಕರಣೆ ಬೇಕೆಂದರ್ಥ. ಮೇಸ್ತ್ರಿಗೆ ಈ ಎತ್ತಿ ನೋಡುವುದು ಹಿಡಿಸುವುದಿಲ್ಲ. ಕೆಲಸ ಆರಂಭಿಸುವ ಮೊದಲೇ ವಿನಯದಿಂದ ಹೇಳಿಟ್ಟರೆ, ಆಮೇಲೆ ಮುಖ ಕೆಡುವುದು ತಪ್ಪುತ್ತದೆ.

ಟೈಲುಗಳ ನಡುವೆ 3 ಮಿಲಿಮೀಟರ್ ಸಂದು, ಸುತ್ತಲೂ ಗೋಡೆಯ ಬುಡದಲ್ಲಿ 8 ಮಿಲಿಮೀಟರ್ ಸಂದು ಬಿಡಲೇಬೇಕು, ಮತ್ತು ಗೋಡೆಯ ಸಂದಿಗೆ ಗಾರೆ ತುಂಬದೆ ಅದನ್ನು ಸ್ಕರ್ಟಿಂಗ್ ಪಟ್ಟಿಯ ಅಡಿಯಲ್ಲಿ ಮರೆಮಾಡಬೇಕು. ಬಿಸಿಲಿಗೆ ಹಿಗ್ಗುವ ಟೈಲುಗಳಿಗೆ ಸರಿಯಲು ಜಾಗವಿಲ್ಲದೆ ಹೋದರೆ ಅವು ಮೇಲಕ್ಕೇ ಏಳುತ್ತವೆ. ಒಂದು ದಿನ ಬಿಟ್ಟು ಸಂದು ತುಂಬಿ, ಇನ್ನೂ ಮೂರು ದಿನ ಕಳೆದ ಮೇಲೆ ಭಾರದ ಸಾಮಾನುಗಳನ್ನು ಎಳೆಯದೆ, ಎತ್ತಿ ಇಡಬೇಕು.

ಮರದ ಹಲಗೆಯ ಅಟ್ಟದ ಮೇಲೆ ಈ ಕ್ರಮ ನಡೆಯುವುದಿಲ್ಲ. ಹಲಗೆ ಕಾಲಿಟ್ಟಾಗ ಬಾಗುತ್ತದೆ, ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಮೇಲೆ ಅಂಟಿಸಿದ ಟೈಲು ಸಂದಿನಲ್ಲೇ ಸೀಳುತ್ತದೆ. ಅಲ್ಲಿ ಹಲಗೆಯನ್ನೇ ಬಿಗಿದು ಉಜ್ಜಿಸಿಕೊಳ್ಳುವುದು ಒಳ್ಳೆಯದು. ಒಂದು ದಿನದಲ್ಲಿ ಹಾಸಿ ಮುಗಿಸಬಹುದೆಂದು ಅಂಗಡಿಗಳಲ್ಲಿ ತೋರಿಸುವ ಲ್ಯಾಮಿನೇಟ್ ಹಲಗೆಗಳು ಮರದ ಪುಡಿಯಿಂದ ಮಾಡಿದವು, ನಮ್ಮ ಜುಲೈ ತಿಂಗಳ ಹವೆಗೆ ಅಂಚುಗಳು ಉಬ್ಬುತ್ತವೆ. ಕಲ್ಲಿನಪುಡಿ ಮತ್ತು ಪ್ಲಾಸ್ಟಿಕ್ ಬೆರೆತ ಎಸ್‌ಪಿಸಿ ಹಲಗೆಗಳು ನೀರಿಗೆ ಉಬ್ಬುವುದಿಲ್ಲವಾದರೂ ಅವಕ್ಕೂ ಕೆಳಗಿನ ನೆಲ ಟೈಲಿಗೆ ಬೇಕಾದಷ್ಟೇ ಸಪಾಟಾಗಿರಬೇಕು, ಇಲ್ಲದಿದ್ದರೆ ಒಂದಕ್ಕೊಂದು ಸಿಕ್ಕಿಸುವ ಕೊಕ್ಕೆಗಳು ಮುರಿಯುತ್ತವೆ.

ಮೊದಲ ಮಳೆಗಾಲದ ನಡುವೆ ಅದೇ ನಾಣ್ಯವನ್ನು ಹಿಡಿದು ಇಡೀ ಕೋಣೆಯನ್ನು ಇನ್ನೊಮ್ಮೆ ಕುಟ್ಟಿ ನೋಡಬೇಕು. ಟೊಳ್ಳು ಕೇಳಿದ ಟೈಲನ್ನು ಅದು ಪಕ್ಕದ್ದನ್ನೂ ಎಬ್ಬಿಸುವ ಮೊದಲು ಮುಂದಿನ ಬೇಸಿಗೆಯಲ್ಲೇ ಬದಲಿಸಬಹುದು. ಉಳಿದ ಟೈಲುಗಳನ್ನು ಬ್ಯಾಚ್ ಸಂಖ್ಯೆ ಇರುವ ಪೆಟ್ಟಿಗೆಯಲ್ಲೇ ಅಟ್ಟದ ಮೇಲೆ ನಿಲ್ಲಿಸಿ ಇಟ್ಟು, ಸೀಮೆಸುಣ್ಣದ ಅಂಕಿಗಳ ನಕಲನ್ನು ಒಂದು ಹಾಳೆಯಲ್ಲಿ ಬರೆದು ಅದರೊಳಗೇ ಸೇರಿಸಿಡುವುದು ಮುಂದೆ ಆ ನೆಲವನ್ನು ಮುಟ್ಟುವವರಿಗೆ ಅನುಕೂಲ.